ಹನ್ನೆರಡು-ಹದಿಮೂರರ ಸೊಟ್ಟ ಸ್ಪ್ಯಾನರ್

ಆ ಭಾನುವಾರ ಬೆಳಗ್ಗೆ ಹಲ್ಲುಜ್ಜುತ್ತಿರುವಾಗಲೇ ನಮ್ಮ ಗ್ರಂಥಪಾಲಕರು ಒಂದು ಮಹಾಸಂಕಲ್ಪ ಮಾಡಿದರು. ತೀರಿಹೋದ ಮಾವನವರ ಹತಾರದ ಪೆಟ್ಟಿಗೆಯನ್ನು ಸೂರ್ಯ ಮುಳುಗುವುದರೊಳಗೆ ಉದ್ಧಾರ ಮಾಡಿಯೇ ತೀರುವುದು! ಮೂವತ್ತು ಸಾವಿರ ಪುಸ್ತಕಗಳಿಗೆ ಶಿಸ್ತು ಕಲಿಸಿದ ಈ ಕೈಗೆ ನಲವತ್ತು ಕಬ್ಬಿಣದ ತುಂಡು ಯಾವ ಮಹಾ ಎಂದು ಅವರು ಕನ್ನಡಿಯನ್ನು ಕೇಳಿದರು. ಕನ್ನಡಿ ತೆಪ್ಪಗಿತ್ತು. ಬೇಡ ಎಂದು ಹೇಳಬಹುದಾಗಿದ್ದ ಹೆಂಡತಿ ಆಗಲೇ ಡ್ಯೂಟಿಗೆ ಹೋಗಿಯಾಗಿತ್ತು.

ಸಂಕಲ್ಪಕ್ಕೆ ಕಾರಣವಿತ್ತು. ಅದು ನಗುವಂಥ ಕಾರಣವಲ್ಲ. ಮಾವ ತೀರಿಕೊಂಡು ಏಳು ತಿಂಗಳಾಗಿತ್ತು, ಈ ಏಳು ತಿಂಗಳಲ್ಲಿ ಹೆಂಡತಿ ಒಂದು ಸಲವೂ ಅತ್ತಿರಲಿಲ್ಲ. ಅಪ್ಪನ ಉಸಿರು ನಿಂತ ದಿನವೂ ಅವಳು ಆಸ್ಪತ್ರೆಯ ಕಾಗದಗಳಿಗೆಲ್ಲ ತಾನೇ ಸಹಿ ಹಾಕಿ, ಬಂದವರಿಗೆ ಕುರ್ಚಿ ಕೊಟ್ಟು, ಅಳುತ್ತಿದ್ದವರಿಗೆ ನೀರು ಕೊಟ್ಟಿದ್ದಳು. ಆಮೇಲೂ ಅಷ್ಟೆ. ಊಟ, ಡ್ಯೂಟಿ, ನಿದ್ದೆ. ಅವಳು ಬೈದಿದ್ದರೆ, ಕೂಗಾಡಿದ್ದರೆ, ತಟ್ಟೆ ಎಸೆದಿದ್ದರೆ ಗ್ರಂಥಪಾಲಕರಿಗೆ ಏನು ಮಾಡಬೇಕೆಂದು ಗೊತ್ತಾಗುತ್ತಿತ್ತು. ಈ ಮೌನದ ಮುಂದೆ ಅವರಿಗೆ ದಿಕ್ಕೇ ತೋಚುತ್ತಿರಲಿಲ್ಲ, ಹೆದರಿಕೆಯೂ ಆಗುತ್ತಿತ್ತು.

ಅಪ್ಪನ ಪೆಟ್ಟಿಗೆ ಮಂಚದ ಕೆಳಗಿತ್ತು. ಕಸ ಗುಡಿಸುವಾಗ ಅದರ ಹತ್ತಿರ ಬಂದರೆ ಅವಳ ಪೊರಕೆ ಮೆತ್ತಗಾಗುತ್ತಿತ್ತು. ಒಮ್ಮೆ ಇವರು ಕೇಳಿದ್ದರು.

"ಅದನ್ನ ತೆಗೆದು ನೋಡೋದಿಲ್ವಾ?"

"ಇರ್ಲಿ ಬಿಡಿ. ಯಾವತ್ತಾದ್ರೂ ತೆಗೀತೀನಿ."

ಆ ಯಾವತ್ತಾದರೂ ಒಂದು ದಿನ ಅವಳು ತೆಗೆದಾಗ ಒಳಗೆ ಎಲ್ಲ ಲಕಲಕ ಹೊಳೆಯುತ್ತಿರಬೇಕು, ಅದನ್ನು ಕಂಡು ಅವಳ ಮನಸ್ಸು ಹಗುರವಾಗಬೇಕು ಎಂಬುದು ಗ್ರಂಥಪಾಲಕರ ಲೆಕ್ಕಾಚಾರ. ಅವರ ಪ್ರಕಾರ ಜಗತ್ತಿನ ದುಃಖಗಳಲ್ಲಿ ಅರ್ಧದಷ್ಟು ವಸ್ತುಗಳು ಸರಿಯಾದ ಜಾಗದಲ್ಲಿ ಇಲ್ಲದ್ದರಿಂದ ಹುಟ್ಟಿದವು.

ಮಾವ ಮೆಕ್ಯಾನಿಕ್ ಆಗಿದ್ದರು. ಬೀದಿಯವರೆಲ್ಲ ಮೇಸ್ತ್ರಿ ಎನ್ನುತ್ತಿದ್ದರು. ತಾಯಿಯಿಲ್ಲದ ಮಗಳು ಶಾಲೆ ಬಿಟ್ಟ ಕೂಡಲೇ ಗ್ಯಾರೇಜಿಗೆ ಬಂದು ಹಳೇ ಟೈರಿನ ಮೇಲೆ ಕೂರುತ್ತಿದ್ದಳು. ವ್ಯಾನಿನ ಹೊಟ್ಟೆಯಡಿಯಿಂದ ಒಂದು ಎಣ್ಣೆಗೈ ಹೊರಗೆ ಬಂದು ಅಂಗೈ ಬಿಚ್ಚುತ್ತಿತ್ತು. ಒಳಗಿನಿಂದ ಒಂದು ನಂಬರ್ ಕೇಳಿಸುತ್ತಿತ್ತು. ಅವಳು ಆ ನಂಬರಿನ ಸ್ಪ್ಯಾನರನ್ನು ಅಂಗೈಗೆ ಇಡಬೇಕು. ಬರಬರುತ್ತ ಆ ನಂಬರನ್ನೂ ಹೇಳಬೇಕಾಗುತ್ತಿರಲಿಲ್ಲವಂತೆ. ಈಗ ಅವಳು ಆಪರೇಷನ್ ಥಿಯೇಟರಿನಲ್ಲಿ ನರ್ಸು. ಡಾಕ್ಟರು ತಲೆ ಎತ್ತದೆ ಕೈ ಚಾಚಿದರೆ ಬೇಕಾದ ಕತ್ತರಿ ಅಂಗೈಗೆ ಬಂದಿರುತ್ತದೆ. ಆ ವಿದ್ಯೆ ಅವಳಿಗೆ ನರ್ಸಿಂಗ್ ಶಾಲೆ ಕಲಿಸಿದ್ದಲ್ಲ.

ಇಂಥ ಪೆಟ್ಟಿಗೆಯನ್ನು ಗ್ರಂಥಪಾಲಕರು ನಡುಮನೆಗೆ ಎಳೆದು, ಹಳೇ ಪೇಪರ್ ಹಾಸಿ, ಬೋರಲು ಹಾಕಿದರು. ಸ್ಪ್ಯಾನರ್‌ಗಳು, ಕಟಿಂಗ್ ಪ್ಲೇಯರ್, ತುದಿ ಉಜ್ಜಿ ಸಣ್ಣ ಮಾಡಿದ ಸ್ಕ್ರೂಡ್ರೈವರ್, ಹಿಡಿ ಸವೆದ ಸುತ್ತಿಗೆ, ಒಂದು ಅರ, ವಾಷರ್ ತುಂಬಿದ ತಗಡಿನ ಡಬ್ಬಿ, ಮತ್ತು ಇವೆಲ್ಲದರ ಮೇಲೆ ಮೂವತ್ತು ವರ್ಷದ ಗ್ರೀಸು. ಗ್ರೀಸು, ಪೆಟ್ರೋಲು, ಬೆವರು ಸೇರಿದ ಒಂದು ವಾಸನೆ ನಡುಮನೆಯನ್ನೆಲ್ಲ ತುಂಬಿತು. ಗ್ರಂಥಪಾಲಕರು ಮೂಗು ಮುಚ್ಚಿಕೊಂಡು ಕಿಟಕಿ ತೆರೆದರು.

ಮೊದಲ ಕೆಲಸ ದಾಖಲಾತಿ. ಲೈಬ್ರರಿಯಿಂದ ತಂದಿದ್ದ ಒಂದು ಖಾಲಿ ರಿಜಿಸ್ಟರಿನಲ್ಲಿ ಗೆರೆ ಎಳೆದು ಕ್ರಮಸಂಖ್ಯೆ, ಹೆಸರು, ಸ್ಥಿತಿ, ಷರಾ ಎಂದು ನಾಲ್ಕು ಕಾಲಂ ಮಾಡಿ ಒಂದೊಂದನ್ನೂ ಬರೆದರು. ಎರಡನೆಯ ಕೆಲಸ ಸ್ನಾನ. ಬಚ್ಚಲಲ್ಲಿ ಎರಡು ಬಕೆಟ್ ಬಿಸಿನೀರಿಗೆ ನಿಂಬೆ ಪರಿಮಳದ ಸೋಪಿನ ಪುಡಿ ಸುರಿದು, ಹತಾರಗಳನ್ನೆಲ್ಲ ಮುಳುಗಿಸಿ, ಹಳೇ ಹಲ್ಲುಜ್ಜುವ ಬ್ರಶ್ಶಿನಿಂದ ಒಂದೂವರೆ ಗಂಟೆ ತಿಕ್ಕಿದರು. ಬಚ್ಚಲು ಕಪ್ಪಾಯಿತು, ಹತಾರ ಬೆಳ್ಳಗಾಯಿತು. ಬಿಸಿಲಿಗೆ ಸಾಲಾಗಿ ಹರಡಿ, ಗೆದ್ದ ಸೇನಾಪತಿಯಂತೆ ಸೊಂಟಕ್ಕೆ ಕೈಯಿಟ್ಟು ನೋಡಿ, ಊಟಕ್ಕೆ ಹೋದರು.

ಊಟ ಮುಗಿಸಿ ಬಂದು ನೋಡಿದರೆ ಬೆಳ್ಳಗಿದ್ದ ಹತಾರವೆಲ್ಲ ಕೆಂಪಗಾಗಿತ್ತು. ಮೂವತ್ತು ವರ್ಷ ಗ್ರೀಸು ಹತ್ತಿರ ಬಿಟ್ಟುಕೊಳ್ಳದ ತುಕ್ಕು ಒಂದೇ ಊಟದ ಹೊತ್ತಿನಲ್ಲಿ ಬಂದು ಕೂತಿತ್ತು. ಗ್ರಂಥಪಾಲಕರು ಎಲ್ಲವನ್ನೂ ಬಾಚಿಕೊಂಡು ಬಚ್ಚಲಿಗೆ ಓಡಿದರು. ಮತ್ತೆ ತಿಕ್ಕಿದರು. ಈ ಸಲ ತಿಕ್ಕಿದ ಮೇಲೆ ಎಣ್ಣೆ ಹಚ್ಚಬೇಕೆಂದು ಹೊಳೆಯಿತು. ಮನೆಯಲ್ಲಿ ಬೇರೆ ಯಾವ ಎಣ್ಣೆ ಕಾಣದೆ, ಹೆಂಡತಿ ತಲೆಗೆ ಹಚ್ಚುವ ಮಲ್ಲಿಗೆ ಎಣ್ಣೆಯ ಶೀಶೆಯನ್ನು ತಂದು ಪೂರ್ತಿ ಖಾಲಿ ಮಾಡಿದರು.

ಇನ್ನು ರಿಜಿಸ್ಟರಿನ ನಂಬರಿನ ಚೀಟಿ. ಎಣ್ಣೆಯ ಮೇಲೆ ಚೀಟಿ ಅಂಟಲೊಲ್ಲದು. ಅಂಟಿಸಿದರೆ ಜಾರುತ್ತದೆ, ಒತ್ತಿದರೆ ಬೆರಳಿಗೇ ಅಂಟುತ್ತದೆ. ಆಗ ಅವರ ಕಣ್ಣಿಗೆ ಬಿದ್ದದ್ದು ಕನ್ನಡಿ ಗೂಡಿನಲ್ಲಿದ್ದ ನೇಲ್ ಪಾಲಿಶ್. ಯಾರದೋ ಮದುವೆಗೆಂದು ಕೊಂಡು, ನರ್ಸಿಗೆ ಉಗುರು ಬಣ್ಣ ನಿಷಿದ್ಧವಾದ್ದರಿಂದ ಅಲ್ಲೇ ಉಳಿದದ್ದು. ಸಂಜೆ ನಾಲ್ಕರ ಹೊತ್ತಿಗೆ ಮೇಸ್ತ್ರಿಯ ನಲವತ್ತು ಹತಾರಗಳೂ ಗುಲಾಬಿ ಬಣ್ಣದ ಅಂಕಿ ಹೊತ್ತು, ಮಲ್ಲಿಗೆ ಸೂಸುತ್ತ, ದಿಬ್ಬಣ ಹೊರಟವರಂತೆ ಮಲಗಿದ್ದವು.

ಉಳಿದದ್ದು ಎರಡು ಸಮಸ್ಯೆ. ಒಂದು, ಹತ್ತು-ಹನ್ನೊಂದರ ಸ್ಪ್ಯಾನರ್, ಅಂದರೆ ಒಂದು ತುದಿ ಹತ್ತರ ನಟ್ಟಿಗೆ, ಇನ್ನೊಂದು ಹನ್ನೊಂದರ ನಟ್ಟಿಗೆ ಕೂರುವಂಥದ್ದು, ಎರಡಿದ್ದವು. ಒಂದೇ ಪುಸ್ತಕದ ಎರಡು ಪ್ರತಿ ಕಂಡರೆ ಒಂದನ್ನು ದಾನ ಮಾಡುವುದು ಅವರ ಲೈಬ್ರರಿಯ ಪದ್ಧತಿ. ಎದುರು ಮನೆಯ ನಿವೃತ್ತ ಡ್ರೈವರಿಗೆ ಅದನ್ನು ದಾನ ಮಾಡಿ ಬಂದರು. ಇನ್ನೊಂದು ಸಮಸ್ಯೆ ಮೂವತ್ತೊಂದನೇ ನಂಬರಿನದು. ಹನ್ನೆರಡು-ಹದಿಮೂರರ ಸ್ಪ್ಯಾನರ್, ನಡುವಿನಲ್ಲಿ ಸೊಟ್ಟಗೆ ಬಗ್ಗಿಹೋಗಿತ್ತು. ರಿಜಿಸ್ಟರಿನಲ್ಲಿ "ಸ್ಥಿತಿ: ಸೊಟ್ಟ, ಹಾಳು" ಎಂದು ಬರೆದು, ಅದನ್ನು ಜೇಬಿಗೆ ಹಾಕಿಕೊಂಡು ಬೀದಿ ಕೊನೆಯ ವೆಲ್ಡಿಂಗ್ ಅಂಗಡಿಗೆ ನಡೆದರು.

ವೆಲ್ಡಿಂಗ್‌ನವನು ಅದನ್ನು ತಿರುಗಿಸಿ ತಿರುಗಿಸಿ ನೋಡಿದ.

"ಸಾರ್, ಇದು ಹಾಳಾಗಿರೋದಲ್ಲ ಅನ್ಸುತ್ತೆ. ಬಗ್ಗಿರೋ ಕಡೇನೇ ಕೈ ಹಿಡಿದು ಹಿಡಿದು ಸವೆದಿದೆ ನೋಡಿ. ಹೀಗೇ ಬಳಸ್ತಿದ್ರು."

"ಹರಿದ ಪುಸ್ತಕ ಬಂದ್ರೆ ಯಾಕೆ ಹರೀತು ಅಂತ ನಾನು ವಿಚಾರಣೆ ಮಾಡ್ತಾ ಕೂರಲ್ಲ. ಬೈಂಡ್ ಮಾಡಿಸ್ತೀನಿ."

"ಪುಸ್ತಕದ ವಿಷ್ಯ ನಂಗೊತ್ತಿಲ್ಲ ಸಾರ್. ಇನ್ನೊಂದ್ಸಲ ಯೋಚ್ನೆ ಮಾಡಿ."

"ಯೋಚ್ನೆ ಮಾಡೇ ಬಂದಿದೀನಿ."

ಅವನು ಭುಜ ಹಾರಿಸಿ ಅದನ್ನು ಕಾಯಿಸಿದ, ಬಡಿದ, ನೀರಿಗದ್ದಿದ. ಅಳತೆಪಟ್ಟಿ ಇಟ್ಟರೂ ಕೂದಲೆಳೆ ಸಂದಿಲ್ಲದಷ್ಟು ನೆಟ್ಟಗಾಯಿತು. ಗ್ರಂಥಪಾಲಕರು ಮನೆಗೆ ಬಂದು ಷರಾ ಕಾಲಂನಲ್ಲಿ "ಸರಿಪಡಿಸಲಾಗಿದೆ" ಎಂದು ಬರೆದು, ಕೆಳಗೆ ಸಹಿಯನ್ನೂ ಹಾಕಿದರು. ಐದೂವರೆಗೆ ಹೆಂಡತಿ ಬರುವಷ್ಟರಲ್ಲಿ ಪೆಟ್ಟಿಗೆ ಮಂಚದ ಕೆಳಗೆ ಸೇರಿತ್ತು, ಇವರ ಮುಖದ ಮೇಲೆ ಏನೂ ಅರಿಯದವರ ನಗು ಕೂತಿತ್ತು. ತಲೆಎಣ್ಣೆ ಎಲ್ಲಿ ಎಂದು ಅವಳು ಕೇಳಿದ್ದಕ್ಕೆ ಮುಗಿದಿದೆ ಎಂದರು. ಅದು ಸುಳ್ಳೇನೂ ಆಗಿರಲಿಲ್ಲ.

ಬುಧವಾರ ಅವಳಿಗೆ ರಜೆ. ಬೆಳಗ್ಗೆ ಜಗುಲಿಯಲ್ಲಿ ನಿಂತಿದ್ದ ಸ್ಕೂಟರಿನ ಕೆಳಗೆ ಪೆಟ್ರೋಲು ತೊಟ್ಟಿಕ್ಕುತ್ತಿತ್ತು. ಅದು ಮಾವನದೇ ಸ್ಕೂಟರು, ಆಸ್ಪತ್ರೆಗೆ ಅವಳು ಹೋಗಿಬರುವುದು ಅದರಲ್ಲೇ. ಅವಳು ಬಗ್ಗಿ ನೋಡಿದಳು, ಪೆಟ್ರೋಲಿನ ಕೀಲಿ ಮುಚ್ಚಿದಳು, ಬೆರಳಿಗೆ ಹತ್ತಿದ್ದನ್ನು ಮೂಸಿ ನೋಡಿದಳು.

"ಮೆಕ್ಯಾನಿಕ್‌ನ ಕರೀಲಾ?" ಎಂದರು ಗ್ರಂಥಪಾಲಕರು.

"ಬೇಡ. ಕಾರ್ಬೊರೇಟರಿನ ವಾಷರ್ ಹೋಗಿದೆ, ಅಷ್ಟೇ." ಅವಳು ಬೆರಳು ಒರೆಸಿಕೊಂಡಳು. "ಅಪ್ಪನ ಪೆಟ್ಟಿಗೆ ತರ್ತೀರಾ?"

ಏಳು ತಿಂಗಳ ಮೇಲೆ! ಗ್ರಂಥಪಾಲಕರು ಓಡಿದರು. ಪೆಟ್ಟಿಗೆಯ ಭಾರ ಅವರಿಗೆ ಗೊತ್ತೇ ಆಗಲಿಲ್ಲ. ಅವಳ ಪಕ್ಕಕ್ಕಿಟ್ಟು, ಜಾದೂಗಾರನಂತೆ ಮುಚ್ಚಳ ತೆಗೆದು, ಅವಳ ಮುಖವನ್ನೇ ನೋಡುತ್ತ ನಿಂತರು.

ಅವಳು ಒಳಗೆ ನೋಡಲಿಲ್ಲ. ಕಣ್ಣು ಮುಚ್ಚಿ, ಪೆಟ್ಟಿಗೆಯ ಮೇಲೆ ಬಾಗಿ, ನಿಧಾನವಾಗಿ ಉಸಿರೆಳೆದುಕೊಂಡಳು. ಏಳು ತಿಂಗಳು ಅವಳು ಆ ಮುಚ್ಚಳ ತೆಗೆಯದೆ ಇದ್ದದ್ದು ಆ ಒಂದು ಉಸಿರನ್ನು ಕಾಪಾಡಿಕೊಳ್ಳಲಿಕ್ಕೆ ಎಂಬುದು ಗ್ರಂಥಪಾಲಕರಿಗೆ ಆ ಕ್ಷಣಕ್ಕೆ ಮೊದಲು ಹೊಳೆದಿರಲಿಲ್ಲ. ಅವಳು ಕಣ್ಣು ತೆರೆದಳು.

"ನನ್ನ ತಲೆಎಣ್ಣೆ ವಾಸನೆ ಬರ್ತಿದೆ."

"ತುಕ್ಕು ಹಿಡೀಬಾರ್ದು ಅಂತ..."

"ಅಪ್ಪನ ಹತಾರಕ್ಕೆ ಯಾವತ್ತು ತುಕ್ಕು ಹಿಡಿದಿತ್ತು?"

"ತೊಳೆದೆ ನೋಡು, ಅದಕ್ಕೆ."

"ತೊಳೆದ್ರಾ," ಎಂದಳು ಅವಳು. ಬೈಗುಳವಿರಲಿ, ಅದರಲ್ಲಿ ಪ್ರಶ್ನೆಯೂ ಇರಲಿಲ್ಲ. ಸ್ಕೂಟರಿನ ಕಡೆ ತಿರುಗಿ ಕೂತು, ಬದಿಯ ತಗಡು ಬಿಚ್ಚಿ, ಇಂಜಿನ್ನಿನ ಕಡೆಯೇ ಕಣ್ಣಿಟ್ಟು ಬಲಗೈಯನ್ನು ಹಿಂದಕ್ಕೆ ಚಾಚಿದಳು. ಅಂಗೈ ಮೇಲಾಗಿತ್ತು. "ಹತ್ತು-ಹನ್ನೊಂದು."

ಗ್ರಂಥಪಾಲಕರು ಒಂದೇ ಏಟಿಗೆ ಹುಡುಕಿ ಕೊಟ್ಟರು. ರಿಜಿಸ್ಟರ್ ಬಾಯಿಪಾಠವಾಗಿದ್ದರಿಂದ ಗುಲಾಬಿ ಅಂಕಿ ಕೆಲಸಕ್ಕೆ ಬಂತಲ್ಲ ಎಂದು ಒಳಗೊಳಗೇ ಸ್ವಲ್ಪ ಹಿಗ್ಗಿದರು ಕೂಡ. ಅವಳು ಅದನ್ನು ಬೋಲ್ಟಿನ ತಲೆಗೆ ಸಿಕ್ಕಿಸಿ ಎಡಗೈಗೆ ಬದಲಿಸಿ, ಬಲಗೈಯನ್ನು ಮತ್ತೆ ಚಾಚಿದಳು.

"ಇನ್ನೊಂದು."

"ಇನ್ನೊಂದು ಯಾವುದು?"

"ಹತ್ತು-ಹನ್ನೊಂದೇ. ಒಂದರಲ್ಲಿ ಬೋಲ್ಟು ಹಿಡ್ಕೊಂಡು ಇನ್ನೊಂದರಲ್ಲಿ ನಟ್ಟು ತಿರುಗಿಸ್ಬೇಕು. ಇಲ್ದಿದ್ರೆ ಎರಡೂ ಸೇರಿ ಸುತ್ತುತ್ವೆ."

ಒಂದೇ ನಂಬರಿನವು ಎರಡು ಯಾಕೆ ಎಂಬ ಘನವಾದ ಪ್ರಶ್ನೆಗೆ ಉತ್ತರ ಇಷ್ಟು ಸಣ್ಣದಿತ್ತು. ಗ್ರಂಥಪಾಲಕರು ಚಪ್ಪಲಿಯನ್ನೂ ಹಾಕಿಕೊಳ್ಳದೆ ರಸ್ತೆ ದಾಟಿದರು. ನಿವೃತ್ತ ಡ್ರೈವರು ಆ ಸ್ಪ್ಯಾನರನ್ನು ಪೇಪರ್ ಹಾರದಂತೆ ಮೇಲಿಟ್ಟು ಪದಬಂಧ ಬಿಡಿಸುತ್ತಿದ್ದರು.

"ಕೊಟ್ಟಿದ್ದನ್ನ ವಾಪಸ್ ಕೇಳ್ತಾರಾ ಯಾರಾದ್ರೂ?"

"ಲೈಬ್ರರೀಲಿ ದಿನಾ ಕೇಳ್ತೀವಿ," ಎಂದು ಎತ್ತಿಕೊಂಡು ಓಡಿ ಬಂದರು.

ಹತ್ತರ ನಟ್ಟು ಬಿಚ್ಚಿತು. ಅವಳ ಕೈ ಈಗ ಚುರುಕಾಗಿತ್ತು. ಮುಖದಲ್ಲಿ ಏನೋ ಒಂದು ಸಡಿಲವಾದಂತೆ ಕಂಡಿತು. ಬಹಳ ದಿನದ ಮೇಲೆ ತನ್ನ ಮನೆಯ ಬಾಗಿಲಿಗೆ ಬಂದವಳ ಹಾಗಿದ್ದಳು. ತಲೆ ಇಂಜಿನ್ನಿನೊಳಗೇ ಇತ್ತು, ಕೈ ಮತ್ತೆ ಹಿಂದಕ್ಕೆ ಬಂತು.

"ಹಿಂದಿನ ನಟ್ಟು ಒಂದಿದೆ. ಈಗ ಸೊಟ್ಟದ್ದು ಕೊಡಿ."

ಗ್ರಂಥಪಾಲಕರು ಪೆಟ್ಟಿಗೆ ನೋಡಿದರು. ಆಕಾಶ ನೋಡಿದರು. ಚಾಚಿದ ಆ ಕೈ ನೋಡಿದರು. ಬೇರೆ ದಾರಿಯಿಲ್ಲದೆ ಮೂವತ್ತೊಂದನೇ ನಂಬರನ್ನು ಅದರ ಮೇಲಿಟ್ಟರು.

ಬೆರಳು ಮುಚ್ಚಿಕೊಂಡವು. ಹಾಗೇ ತೆರೆದುಕೊಂಡವು.

"ಇದಲ್ಲ. ಸೊಟ್ಟದ್ದು."

"ಅದೇ ಅದು."

ಅವಳು ತಿರುಗಿದಳು. ಸ್ಪ್ಯಾನರಿನ ಸವೆದ ಜಾಗವನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದಳು. ನೆಟ್ಟಗಿತ್ತು. ಸವಕಲು ಮಾತ್ರ ಅಲ್ಲೇ ಇತ್ತು.

"ನೆಟ್ಟಗೆ ಮಾಡಿಸ್ದೆ," ಎಂದರು ಗ್ರಂಥಪಾಲಕರು. ದನಿ ಅವರಿಗೇ ಕೇಳಿಸಲಿಲ್ಲ. "ಹಾಳಾಗಿತ್ತು ಅಂತ."

"ಹೌದು, ಹಾಳಾಗಿತ್ತು," ಎಂದಳು ಅವಳು. "ಹಾಳು ಮಾಡಿದ್ದು ನಾನು."

ಅವಳು ಅದನ್ನು ತೊಡೆಯ ಮೇಲಿಟ್ಟುಕೊಂಡಳು. ಆಮೇಲೆ ಸ್ಕೂಟರಿಗೆ ಹೇಳುವಂತೆ ಹೇಳತೊಡಗಿದಳು.

"ನಂಗಾಗ ಒಂಬತ್ತು ವರ್ಷ. ತಗೊಂಡಿದ್ದನ್ನ ತಗೊಂಡ ಜಾಗಕ್ಕೇ ಇಡ್ಬೇಕು ಅಂತ ಅಪ್ಪ ಸಾವಿರ ಸಲ ಹೇಳಿದ್ರು. ನಾನು ಇದನ್ನ ಗ್ಯಾರೇಜಿನ ಗುಂಡಿ ಅಂಚಲ್ಲಿ ಬಿಟ್ಟು ಆಡೋಕೆ ಹೋದೆ. ವ್ಯಾನು ಹಿಂದಕ್ಕೆ ಬಂದು ಇದರ ಮೇಲೆ ಹತ್ತಿಬಿಡ್ತು. ಅಪ್ಪ ಸ್ವಂತಕ್ಕೆ ಅಂತ ತಗೊಂಡ ಮೊದಲನೇ ಸೆಟ್ಟು ಇದು. ಹೊಡೀತಾರೆ ಅಂತ ಟೈರುಗಳ ಹಿಂದೆ ಅಡಗಿ ಕೂತೆ. ಬಂದ್ರು. ಇದನ್ನ ಎತ್ಕೊಂಡು ನೋಡಿದ್ರು. ನಾನು ಎಲ್ಲಿದೀನಿ ಅಂತ ಅವರಿಗೆ ಗೊತ್ತಿತ್ತು. ನಂಗೆ ಕೇಳ್ಲಿ ಅಂತಾನೇ ಜೋರಾಗಿ ಹೇಳಿದ್ರು, 'ಅರೆ, ಇದು ಈಗ ಎಲ್ಲಿಗೆ ಬೇಕಾದ್ರೂ ಹೋಗುತ್ತಲ್ಲ' ಅಂತ. ಸೀದಾ ಹೋಗಿ ಈ ಸ್ಕೂಟರಿನ ಈ ನಟ್ಟಿಗೇ ಹಾಕಿದ್ರು. ಬಿಚ್ಚಿತು. ಆಮೇಲೆ ಬಂದವರಿಗೆಲ್ಲ ತೋರ್ಸೋರು. 'ಇದು ಅಂಗಡೀಲಿ ಸಿಗಲ್ಲ, ನನ್ನ ಮಗಳು ಮಾಡಿಕೊಟ್ಟಿದ್ದು' ಅಂತ. ಮೂವತ್ತು ವರ್ಷ ಹಾಗೇ ಹೇಳಿದ್ರು."

ಗ್ರಂಥಪಾಲಕರಿಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತು. ವೆಲ್ಡಿಂಗ್‌ನವನು ಎರಡು ಸಲ ಹೇಳಿದ್ದ. ಮೂವತ್ತು ವರ್ಷ ಒಬ್ಬ ತಂದೆ ಜೋಪಾನ ಮಾಡಿದ್ದ ಕ್ಷಮೆಯನ್ನು ಇವರು ಹತ್ತು ನಿಮಿಷದಲ್ಲಿ ಸುತ್ತಿಗೆಯಿಂದ ಬಡಿದು ನೆಟ್ಟಗೆ ಮಾಡಿಸಿ, ಸಹಿ ಬೇರೆ ಹಾಕಿದ್ದರು.

"ಈಗ್ಲೇ ಹೋಗಿ ಮತ್ತೆ ಬಗ್ಗಿಸ್ಕೊಂಡು ಬರ್ತೀನಿ."

"ಬೇಡ. ಬಗ್ಗಿಸಿದ್ರೆ ಅದು ಸುಮ್ನೆ ಒಂದು ಬಗ್ಗಿದ ಸ್ಪ್ಯಾನರ್ ಆಗುತ್ತೆ." ಅವಳು ಮತ್ತೆ ಇಂಜಿನ್ನಿನ ಕಡೆ ತಿರುಗಿದಳು. "ಟಾರ್ಚು ತನ್ನಿ. ಒಳಗೆ ಕತ್ತಲೆ."

ಸೊಟ್ಟದ್ದರಲ್ಲಿ ಐದು ನಿಮಿಷದ ಕೆಲಸ. ನೆಟ್ಟನೆಯದು ಒಳಗೆ ಹೋದರೂ ತಿರುಗಲು ಜಾಗವಿಲ್ಲ. ಕೂದಲೆಳೆಯಷ್ಟು ತಿರುಗಿಸಬೇಕು, ತೆಗೆಯಬೇಕು, ಮಗುಚಿ ಹಾಕಬೇಕು, ಮತ್ತೆ ಕೂದಲೆಳೆಯಷ್ಟು ತಿರುಗಿಸಬೇಕು. ಹೀಗೆ ಒಂದು ಗಂಟೆ ನಡೆಯಿತು. ಗ್ರಂಥಪಾಲಕರು ಮಂಡಿಯೂರಿ ಟಾರ್ಚು ಹಿಡಿದಿದ್ದರು. ಮೊದಲು ಕೈ ನೋಯಿತು, ಆಮೇಲೆ ಭುಜ, ಆಮೇಲೆ ಯಾವುದು ನೋಯುತ್ತಿದೆ ಎಂಬ ಲೆಕ್ಕವೇ ತಪ್ಪಿತು. ಎದುರು ಮನೆಯ ಡ್ರೈವರು ಪದಬಂಧ ಬಿಟ್ಟು ಇವರನ್ನೇ ನೋಡುತ್ತಿದ್ದರು.

ಒಂದು ಹಂತದಲ್ಲಿ ಸ್ಪ್ಯಾನರ್ ಜಾರಿ ಅವಳ ಬೆರಳ ಗಂಟು ಕೆತ್ತಿತು. ಅವಳು ಅಬ್ಬಾ ಎನ್ನಲಿಲ್ಲ. ಕೆಲಸ ಮಾತ್ರ ನಿಂತಿತು. ಹಣೆಯನ್ನು ಸ್ಕೂಟರಿನ ಸೀಟಿಗೆ ಆನಿಸಿದಳು. ಬೆನ್ನು ಅಲುಗತೊಡಗಿತು. ಬೆರಳಿನ ನೋವಿಗೆ ಯಾರೂ ಹಾಗೆ ಅಳುವುದಿಲ್ಲ. ಏಳು ತಿಂಗಳು ತಡೆದಿಟ್ಟದ್ದು ಒಟ್ಟಿಗೇ ಬಂದು, ಅವಳು ಉಸಿರು ಕಟ್ಟಿ ಬಿಕ್ಕಿ ಬಿಕ್ಕಿ ಅತ್ತಳು. ಗ್ರಂಥಪಾಲಕರ ಕಣ್ಣೂ ತುಂಬಿ ಏನೂ ಕಾಣದಂತಾಯಿತು. ಯಾವುದಕ್ಕಾಗಿ ಇಷ್ಟೆಲ್ಲ ಅನಾಹುತ ಮಾಡಿದ್ದರೋ ಅದು ಕೊನೆಗೂ ಆಗಿತ್ತು, ಆದರೆ ಹೀಗೆ ಆಗಲಿ ಎಂದು ಅವರು ಬಯಸಿರಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಅವಳು ತೋಳಿನಿಂದ ಮುಖ ಒರೆಸಿಕೊಂಡಳು. ಕೆನ್ನೆಯ ಮೇಲೆ ಗ್ರೀಸಿನ ಗೆರೆ ಎದ್ದಿತು.

"ಬೆಳಕು ನಟ್ಟಿಗೆ ಹಿಡೀರಿ," ಎಂದಳು. "ನನ್ನ ಮುಖಕ್ಕಲ್ಲ."

ಹನ್ನೆರಡು ಗಂಟೆಗೆ ನಟ್ಟು ಬಿಚ್ಚಿತು. ಅಪ್ಪನ ತಗಡಿನ ಡಬ್ಬಿಯಿಂದ ಹೊಸ ವಾಷರ್ ಹಾಕಿ, ಅದೇ ಕಷ್ಟದಲ್ಲಿ ಮತ್ತೆ ಬಿಗಿದು, ಕಿಕ್ಕರ್ ಒದ್ದಾಗ ಸ್ಕೂಟರು ಎರಡನೇ ಒದೆತಕ್ಕೇ ಶುರುವಾಯಿತು. ಅವಳ ಕೈತುಂಬ ಗ್ರೀಸು, ಪೆಟ್ರೋಲು, ಬೆವರು. ಅಂಗೈಯನ್ನು ಮೂಗಿನ ಹತ್ತಿರ ಹಿಡಿದು ಅವಳು ಬಹಳ ಹೊತ್ತು ಹಾಗೇ ನಿಂತಿದ್ದಳು. ಆ ಕೈಯನ್ನು ತೊಳೆಯಲಿಲ್ಲ, ಹತಾರಗಳನ್ನು ಒಂದೊಂದಾಗಿ ಅದರಲ್ಲೇ ಒರೆಸಿ ಪೆಟ್ಟಿಗೆಗೆ ಇಟ್ಟಳು.

"ಏನೋ ರಿಜಿಸ್ಟರ್ ಮಾಡಿರ್ಬೇಕಲ್ಲ ನೀವು? ಇಲ್ಲಿ ಕೊಡಿ."

ತಂದು ಕೊಟ್ಟರು. ಅವಳು ಮೂವತ್ತೊಂದನೇ ಸಾಲು ಹುಡುಕಿ ಓದಿದಳು. "ಸರಿಪಡಿಸಲಾಗಿದೆ" ಎಂಬಲ್ಲಿಗೆ ಬಂದು ಅವರ ಮುಖ ನೋಡಿದಳು. ಗ್ರಂಥಪಾಲಕರು ತಮ್ಮ ಕಾಲ ಬೆರಳುಗಳನ್ನು ಎಣಿಸುತ್ತಿದ್ದರು. ಅವಳು ಪೆನ್ನು ಇಸಿದುಕೊಂಡು ಆ ಪದವನ್ನು ಹೊಡೆದುಹಾಕಿ, ಗ್ರೀಸು ಮೆತ್ತಿದ ಕೈಯಲ್ಲೇ ಏನೋ ಬರೆದು, ಪುಸ್ತಕ ಅವರ ಕೈಗಿಟ್ಟು ಒಳಗೆ ಹೋದಳು.

ಷರಾ ಕಾಲಂನಲ್ಲಿ ಹೀಗಿತ್ತು: "ಮೊದಲ ಸಲ ಹಾಳು ಮಾಡಿದ್ದು ಮಗಳು. ಎರಡನೇ ಸಲ ಅಳಿಯ. ಹೀಗೇ ಪೆಟ್ಟಿಗೆಯಲ್ಲಿರಲಿ."

ಗ್ರಂಥಪಾಲಕರು ಅದನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಾಗ, ಪುಟದ ತಲೆಯಲ್ಲಿ ದಪ್ಪ ಅಕ್ಷರದ ಇನ್ನೊಂದು ಸಾಲು ಕಣ್ಣಿಗೆ ಬಿತ್ತು. ಲೈಬ್ರರಿಯ ಅಪರೂಪದ ಪುಸ್ತಕಗಳ ಮೇಲೆ ಅವರೇ ಇಪ್ಪತ್ತು ವರ್ಷಗಳಿಂದ ಒತ್ತುತ್ತ ಬಂದ ಮುದ್ರೆಯ ಮಾತು, ಒಂದೇ ಒಂದು ಪದ ಹೆಚ್ಚಾಗಿ:

"ಗ್ರಂಥಪಾಲಕರಿಗೆ ಎರವಲು ಕೊಡತಕ್ಕದ್ದಲ್ಲ."